ಗಂಟೆ ನಾಲಿಗೆಯಲ್ಲಿ ಕುಟ್ಟಿದ ಕವಳ

ಆಗ ನನಗೆ ಎಪ್ಪತ್ತೆರಡು. ಈಗ್ಗೆ ಐದು ವರ್ಷದ ಹಿಂದಿನ ಮಾತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಉದುರಿ ಹನ್ನೆರಡು ವರ್ಷವಾಗಿತ್ತು. ಅನ್ನ ನುಂಗಬಹುದಿತ್ತು, ಕವಳ ಅಗಿಯಲು ಆಗುತ್ತಿರಲಿಲ್ಲ. ಎಲೆ, ಅಡಿಕೆ, ಸುಣ್ಣವನ್ನು ಕುಟ್ಟಾಣಿಗೆ ಹಾಕಿ ಹುಡಿ ಮಾಡಿಯೇ ಬಾಯಿಗಿಡಬೇಕು.

ಸಿದ್ದಾಪುರದ ಕಡೆಯ ನಮ್ಮ ಪೇಟೆಯಲ್ಲಿ ಒಂದು ಹಳೆಯ ಗಂಟೆ ಇದೆ. ಎರಡು ಕಲ್ಲಿನ ಕಂಬ, ಮೇಲೊಂದು ತೊಲೆ, ಅದರಲ್ಲಿ ಕೊಡಪಾನದಷ್ಟು ದೊಡ್ಡ ಕಂಚಿನ ಗಂಟೆ. ಅರಸರ ಕಾಲದ್ದು ಎಂದು ಒಬ್ಬರು ಹೇಳಿದರೆ, ಅಲ್ಲ, ಬ್ರಿಟಿಷರದ್ದು ಎಂದು ಇನ್ನೊಬ್ಬರು ಜಗಳಕ್ಕೆ ಬರುತ್ತಾರೆ. ಇಬ್ಬರೂ ಕಂಡವರಲ್ಲ. ತ್ಯಾಗಲಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ? ಗಂಟೆಯ ಹತ್ತಿರ. ಒಳ್ಳೆ ಅವಲಕ್ಕಿ ಎಲ್ಲಿ ಸಿಗುತ್ತದೆ? ಗಂಟೆಯ ಹಿಂದೆ. ಮನೆಗೆ ಬಾರದ ಗಂಡ ಎಲ್ಲಿದ್ದಾನೆ? ಗಂಟೆಯ ಕೆಳಗೆ ಇಸ್ಪೀಟು ಆಡುತ್ತಿದ್ದಾನೆ.

ಅದರ ಕಟ್ಟೆಯ ಮೇಲೆಯೇ ನಾನು ಸೊಪ್ಪು, ಮೊಗೆಕಾಯಿ ಮಾರುವುದು. ಈ ಮಾತಿಗೂ ಹನ್ನೊಂದು ವರ್ಷ ಮೊದಲು ಒಂದು ದಿನ ಕೊಂಡಿ ಸವೆದು ಗಂಟೆಯ ನಾಲಿಗೆ ನನ್ನ ಬುಟ್ಟಿಗೇ ಬಿತ್ತು. ಎರಡು ಮೊಗೆಕಾಯಿ ಹಾಳಾದವು. ಗೇಣುದ್ದದ ಕಬ್ಬಿಣ, ತುದಿಗೆ ಲಿಂಬೆಹಣ್ಣಿನಷ್ಟು ಗುಂಡು. ಯಾರಾದರೂ ಕೇಳಿದರೆ ಕೊಡೋಣ ಎಂದು ಮೂರು ದಿನ ಬುಟ್ಟಿಯಲ್ಲಿಟ್ಟೆ. ಯಾರೂ ಕೇಳಲಿಲ್ಲ. ನನ್ನ ಕುಟ್ಟಾಣಿಯ ಕೋಲು ಆಗಲೇ ಮುರಿದಿತ್ತು, ನಾಲ್ಕನೆಯ ದಿನ ಇದರಲ್ಲಿ ಕವಳ ಕುಟ್ಟಿ ನೋಡಿದೆ. ಮೂರೇ ಏಟಿಗೆ ಅಡಿಕೆ ಹಿಟ್ಟಾಯಿತು. ಆಮೇಲೆ ಹನ್ನೊಂದು ವರ್ಷ ಗಂಟೆ ಸುಮ್ಮನಿತ್ತು, ಊರೂ ಸುಮ್ಮನಿತ್ತು, ನಾನು ಹೊಟ್ಟೆ ತಣ್ಣಗೆ ಕವಳ ಹಾಕಿಕೊಂಡಿದ್ದೆ.

ಆಮೇಲೆ ಯಾರೋ ಗಂಟೆಯ ಫೋಟೋ ತೆಗೆದು, ಐತಿಹಾಸಿಕ ಎಂದು ಬರೆದು ಮೊಬೈಲಿಗೆ ಹಾಕಿದರಂತೆ. ಪೇಟೆಯವರಿಗೆ ಅದರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಶಾಲೆಯಿಂದ ನಿವೃತ್ತರಾದ ಮಾಸ್ತರರು ಮುಂದೆ ನಿಂತು ಸಮಿತಿ ಮಾಡಿದರು. ವಾಟೆಹುಳಿ ಹಾಕಿ ಗಂಟೆ ತಿಕ್ಕಿಸಿದರು. ಬಾರಿಸಲು ನೋಡಿದರೆ ಒಳಗೆ ಏನೂ ಇಲ್ಲ.

"ಅಜ್ಜಿ, ನೀನು ದಿನಾ ಇಲ್ಲೇ ಕೂತ್ಗಳ್ತೆ. ನಾಲಿಗೆ ಯಾರು ಒಯ್ದ ಹೇಳಿ ಕಂಡಿದ್ದಿಲ್ಯ?" ಎಂದು ಮಾಸ್ತರರು ಕೇಳಿದರು.

"ಸೊಪ್ಪು ಮಾರೂದು ನೋಡ್ಲೋ, ಗಂಟೆ ಕಾಯೂದು ನೋಡ್ಲೋ ಮಾಸ್ತರೇ?" ಎಂದೆ. ಸುಳ್ಳನ್ನಂತೂ ಹೇಳಲಿಲ್ಲ.

ಸಿರ್ಸಿಯಲ್ಲಿ ಹೊಸದು ಮಾಡಿಸೋಣ ಎಂದು ಒಬ್ಬ ಹೇಳಿದ. ಐತಿಹಾಸಿಕ ಗಂಟೆಗೆ ವೆಲ್ಡಿಂಗ್ ಅಂಗಡಿಯ ನಾಲಿಗೆಯೇ ಎಂದು ಮಾಸ್ತರರು ಗದರಿದರು. ಊರಂಚಿನ ಚೌಡಿಯ ಮುಂದೆ ತೆಂಗಿನಕಾಯಿ ಇಟ್ಟು ದೂರು ಹೇಳಿದರು: ಗಂಟೆಯ ಸಾಮಾನು ಕದ್ದವರ ಹೊಟ್ಟೆ ಎಂಟು ದಿನದೊಳಗೆ ಊದಲಿ.

ಮಾಸ್ತರರು ತಿಂಗಳು ಯಾವುದೆಂದು ನೋಡಲಿಲ್ಲ. ಅದು ಹಲಸಿನ ಕಾಲ. ಬೆಳಿಗ್ಗೆ ಹಲಸಿನ ಕಡುಬು, ಮಧ್ಯಾಹ್ನ ಹಲಸಿನ ಹುಳಿ, ಸಂಜೆ ಬಟ್ಟಲು ತುಂಬ ತೊಳೆ. ಚೌಡಿ ಕೈ ಹಾಕದಿದ್ದರೂ ಊದುವ ಹೊಟ್ಟೆಗಳವು.

ಮೂರನೆಯ ದಿನ ಅವಲಕ್ಕಿ ಅಂಗಡಿಯವ ಹೊಟ್ಟೆ ಹಿಡಿದುಕೊಂಡು, ಗಂಟೆಯ ಸರಪಳಿ ಹಿಡಿದುಕೊಂಡು ಬಂದ. "ನಾಯಿ ಕಟ್ಟೂಕೆ ಒಯ್ದಿದ್ದೆ. ನಾಯಿ ಸತ್ತು ಯಾವ್ದೋ ಕಾಲ ಆತು" ಎಂದು ಅತ್ತ. ಮಧ್ಯಾಹ್ನ ಒಬ್ಬಳು ಗಂಡನ ತಲೆಯ ಮೇಲೆ ಕಟ್ಟೆಯ ಕಲ್ಲು ಹೊರಿಸಿಕೊಂಡು ಬಂದಳು. ಬಟ್ಟೆ ಒಗೆಯಲು ಚೆನ್ನಾಗಿತ್ತಂತೆ. ತೊಲೆಯ ಪಟ್ಟಿ ಬಂತು, ಬಾವಿಯ ಗಡಗಡೆಗೆ ಸಿಕ್ಕಿಸಿದ್ದ ಕೊಕ್ಕೆ ಬಂತು. ಐದನೆಯ ದಿನ ನಸುಕಿನಲ್ಲೇ ಮಾಸ್ತರರು ಅಕ್ಷರ ಕೆತ್ತಿದ ಕಲ್ಲೊಂದನ್ನು ಏದುಸಿರು ಬಿಡುತ್ತ ತಂದು ಇಳಿಸಿದರು. ನಾನು ಆಗಲೇ ಬುಟ್ಟಿ ಹಿಡಿದು ಬಂದಿದ್ದೆ.

"ಓದಲೆ ಒಯ್ದಿದ್ದೆ" ಎಂದರು.

"ಓದಿ ಆತಾ?"

"ಇನ್ನೂ ಮುಗದ್ದಿಲ್ಲೆ."

"ಒಯ್ದು ಎಷ್ಟು ವರ್ಷ ಆತು?"

"ಹದಿನಾಲ್ಕು."

ಕಲ್ಲಿನ ಮೇಲೆ ಸೋಪಿನ ನೊರೆ ಇನ್ನೂ ಒಣಗಿರಲಿಲ್ಲ.

ಎಲ್ಲ ಬಂತು, ನಾಲಿಗೆ ಬರಲಿಲ್ಲ. ತಂದುಕೊಟ್ಟವರೆಲ್ಲ ಹೆದರಿ ಗಂಜಿ ಕುಡಿದು ಹೊಟ್ಟೆ ಇಳಿಸಿಕೊಂಡರು. ಚಹಾ ಅಂಗಡಿಯವನದ್ದು ಮಾತ್ರ ಇಳಿಯಲಿಲ್ಲ. ಆ ಹೊಟ್ಟೆ ಅವನಿಗೆ ಮದುವೆಯಾದಾಗಿನಿಂದಲೂ ಇದೆ. ಆದರೂ ಪೇಟೆಯವರು ಅವನ ಹೊಟ್ಟೆಯನ್ನು ಹೊಸದಾಗಿ ಕಂಡ ಹಾಗೆ ನೋಡತೊಡಗಿದರು. ಅಂಗಡಿಗೆ ಬರುವುದು ಬಿಟ್ಟರು. ಸೋಮವಾರ ಚೌಡಿಯ ಕಾಯಿ ಮುಟ್ಟಿ ಆಣೆ ಮಾಡು ಎಂದು ಸಮಿತಿ ಹೇಳಿತು.

"ನನ್ ಹೊಟ್ಟೆ ಮೊದ್ಲಿಂದ ಇಷ್ಟೇ ಇತ್ತಲಾ ಅಜ್ಜಿ? ನೀನಾದ್ರೂ ಹೇಳೆ" ಎಂದು ನನ್ನ ಬಳಿ ಬಂದು ಕೂತ. "ಅಂಗಡಿ ಮುಚ್ಚಿ ಯಲ್ಲಾಪುರಕ್ಕೆ ಹೆಂಡ್ತಿ ಮನೆಗೆ ಹೋಗ್ತೆ."

"ಅಲ್ಲಿ ಹೋದ್ರೆ ಇನ್ನೂ ಊದ್ತದೆ" ಎಂದೆ. ನಗಲಿಲ್ಲ ಅವನು.

ಕಳ್ಳಿ ಎಂದರೆ ಎನ್ನಲಿ, ಆ ವಯಸ್ಸಿಗೆ ನನಗೆ ಅದರಿಂದ ಆಗುವುದೇನಿತ್ತು? ಕವಳ ಹೋಗುವುದೇ ಸಂಕಟ. ಅದಿಲ್ಲದೆ ನನಗೆ ಬೆಳಿಗ್ಗೆ ಆಗುವುದೇ ಇಲ್ಲ. ಶನಿವಾರ, ಭಾನುವಾರ ಎರಡೂ ದಿನ ಕೂತು, ಒಂದು ಡಬ್ಬಿ ತುಂಬುವಷ್ಟು ಅಡಿಕೆ ಕುಟ್ಟಿಟ್ಟೆ. ಸೋಮವಾರ ಚೌಡಿಯ ಹತ್ತಿರ ಹೋದೆ. ಚಹಾದವ ಕಾಯಿಯ ಮುಂದೆ ಬಗ್ಗಿದ್ದ. ಅವನನ್ನು ಆಚೆ ಸರಿಸಿ ನಾಲಿಗೆಯನ್ನು ಕಾಯಿಯ ಪಕ್ಕ ಇಟ್ಟೆ.

"ನನ್ ಬುಟ್ಟಿಗೆ ಬಿದ್ದಿತ್ತು. ಕವಳ ಕುಟ್ಟೂಕೆ ಇಟ್ಕಂಡಿದ್ದೆ. ಹನ್ನೊಂದು ವರ್ಷ ಆತು."

"ಹನ್ನೊಂದು ವರ್ಷವಾ!" ಎಂದು ಮಾಸ್ತರರು ಕೂಗಿದರು.

"ನಿಮ್ಕಿಂತ ಮೂರು ಕಮ್ಮಿ."

ಅವರು ಕೆಮ್ಮಿದರು. ಅವಲಕ್ಕಿಯವನಿಗೆ ತಡೆಯಲಾಗಲಿಲ್ಲ. "ಹಾಗಾರೆ ನಿನ್ನ ಹೊಟ್ಟೆ ಎಂತಕ್ಕೆ ಊದ್ಲಿಲ್ಲ?"

"ನಂಗೆ ಹಲಸಿನಹಣ್ಣು ಸೇರೂದಿಲ್ಲ."

ಮೊದಲು ನಕ್ಕವನು ಚಹಾದವನೇ, ಹೊಟ್ಟೆ ಕುಣಿಯುತ್ತಿತ್ತು.

ಅವತ್ತೇ ನಾಲಿಗೆ ಕಟ್ಟಿ ಬಾರಿಸಿದರು. ಕುಟ್ಟಿ ಕುಟ್ಟಿ ಗುಂಡಿನ ಮೂತಿ ಚಪ್ಪಟೆಯಾಗಿತ್ತು. 'ಡಬ್' ಎಂದಿತು. ಹಳೆಯ ಕಾಲದ ನಾದವೇ ಹಾಗೆ ಎಂದು ಮಾಸ್ತರರು ಜನರಿಗೆ ವಿವರಿಸಿದರು.

ಡಬ್ಬಿಯ ಹುಡಿಗೆ ಸಂಜೆಗೇ ಮುಗ್ಗಲು ವಾಸನೆ ಬಂತು, ಎಸೆದೆ. ಒಳಕಲ್ಲಿಗೆ ಅಡಿಕೆ ಹಾಕಿದ್ದಕ್ಕೆ ಸೊಸೆ ಬೈದಳು. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಚಹಾದವನ ಹತ್ತಿರ ಹೋಗಿ, ಅವನು ಶುಂಠಿ ಜಜ್ಜುವ ಗುಂಡುಕಲ್ಲನ್ನು ಕೇಳಿ ತೆಗೆದುಕೊಂಡು ಬಂದೆ.