ಕ್ಯಾಲೆಂಡರ್ ಹಾಕದ ಗೋಡೆ

“ಏನಮ್ಮಾ, ಆ ಬ್ಯಾಗು ಫೋಟೊ ತೆಗೆಯೋ ಹುಡುಗಂದಲ್ವಾ? ಎಲ್ಲಿ ಅವ್ನು? ಬಿಸಿಲು ಹೋಗ್ಬಿಡುತ್ತೆ!”

ಜಯನಗರದ ಹಳೆಯ ಮನೆಯೊಂದರ ಗೇಟಿನಲ್ಲಿ ಬೀದಿ ನೋಡುತ್ತ ನಿಂತಿದ್ದ ಅಜ್ಜಿ ನನ್ನನ್ನು ತಡೆದು ಕೇಳಿದರು. ನನ್ನ ಹೆಗಲಲ್ಲಿದ್ದುದು ತಮ್ಮನ ಕ್ಯಾಮೆರಾ ಬ್ಯಾಗು. ಹರಿದ ಕಡೆ ಹಳೆಯ ಜೀನ್ಸ್ ತುಂಡು ಇಟ್ಟು ಅವನೇ ಹೊಲಿದಿದ್ದ. ಅವನು ತೀರಿಕೊಂಡು ಕೆಲವು ತಿಂಗಳಾಗಿತ್ತು. ಕ್ಯಾಮೆರಾ ಮಾರಲೆಂದು ಅಂಗಡಿಗೆ ಹೊರಟಿದ್ದೆ.

ವಿಷಯ ಹೇಳಿದೆ. ಅವರು ಹಿಡಿದುಕೊಂಡಿದ್ದ ಗೇಟನ್ನು ಪೂರ್ತಿ ತೆರೆದರು. ಆಮೇಲೆ, “ಒಳಗೆ ಬಾಮ್ಮ” ಎಂದರು.

ಹಜಾರದ ಗೋಡೆಯಲ್ಲಿ ಬರಿ ಮೊಳೆಯಿತ್ತು. ಎದುರಿನ ಸಿಮೆಂಟ್ ಜಾಲರಿಯಿಂದ ಬಂದ ಬಿಸಿಲು ಗೋಡೆಯ ತುಂಬ ಹೂಗಳ ಹಾಗೆ ಹರಡಿತ್ತು. ಹಳೆಯ ಮನೆಗಳ ಫೋಟೊ ತೆಗೆಯುತ್ತ ಮಳೆಗಾಲದಲ್ಲಿ ಈ ಮನೆಗೂ ಬಂದಿದ್ದ ತಮ್ಮ, ಸಂಕ್ರಾಂತಿಯ ಹೊತ್ತಿಗೆ ಬಿಸಿಲು ಇಲ್ಲಿಗೇ ಬೀಳುತ್ತದೆ, ಆಗ ಬಂದು ಫೋಟೊ ತೆಗೆಯುತ್ತೇನೆ ಎಂದಿದ್ದನಂತೆ.

“ಇಷ್ಟು ವರ್ಷ ಈ ಹೊತ್ತಲ್ಲಿ ನಾನು ಅಡುಗೆಮನೇಲೇ ಇರ್ತಿದ್ದೆ, ನೋಡೇ ಇರ್ಲಿಲ್ಲ. ಅವ್ನು ಹೇಳಿದ್ ಜಾಗಕ್ಕೇ ಬಿದ್ದಿದೆ ನೋಡು. ಅಡ್ಡ ಆಗುತ್ತೆ ಅಂತ ಹೊಸ ಕ್ಯಾಲೆಂಡರ್ ಕೂಡ ಹಾಕಿಲ್ಲ. ನೀನೇ ತೆಗಿ.”

ನನಗೆ ಫೋಟೊ ತೆಗೆದು ಅಭ್ಯಾಸವಿಲ್ಲ. ಬಿಸಿಲು ಜರುಗುವ ಮೊದಲು ಹೇಗೋ ಗುಂಡಿ ಒತ್ತಿದೆ.

ಚಿತ್ರ ಕೊಂಚ ಮಸುಕಾಗಿ ಬಂದಿದೆ. ಕ್ಯಾಮೆರಾ ಮಾರಲಿಲ್ಲ. ನಮ್ಮ ಮನೆಯ ಯಾವ ಗೋಡೆಗೆ ಯಾವ ತಿಂಗಳು ಬಿಸಿಲು ಬರುತ್ತದೆ ಎಂದು ಈಗ ದಿನವೂ ನೋಡುತ್ತೇನೆ. ತಮ್ಮ ಇದ್ದಾಗ ಇದನ್ನೆಲ್ಲ ಅವನನ್ನು ಕೇಳಿರಲೇ ಇಲ್ಲ.