ಪುಂಡಲೀಕನ ಒಂದೇ ಪಾಟಿ

ರಾಣೆಬೆನ್ನೂರಿನ ಪುಂಡಲೀಕನಿಗೆ ನಲವತ್ತಾರು ವರ್ಷ. ಬ್ಯಾಡಗಿ ಹತ್ತಿರದ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೊಬ್ಬನೇ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಮುಖ್ಯ ಸಾಫ್ಟ್‌ವೇರ್ ಶಿಲ್ಪಿ’. ಗಾಜಿನ ಕ್ಯಾಬಿನ್ನೂ ಇತ್ತು, ಅಪ್ಪಣೆ ಕೊಡಿಸಲು ಒಂದು ಮೈಕೂ ಇತ್ತು.

ಜಾವಾದಲ್ಲಿ ಅವನು ಕಟ್ಟಿದ ವ್ಯವಸ್ಥೆ ಹೀಗೆ. ರೈತ ಕಿಟಕಿಯಲ್ಲಿ ಟೋಕನ್ ಕೊಟ್ಟೊಡನೆ ಇಂಟರ್‌ಸೆಪ್ಟರ್ ಎಂಬ ಪ್ರೋಗ್ರಾಂ ಬಾಗಿಲ ಕಾವಲುಗಾರನಂತೆ ಅವನ ಕೋರಿಕೆಯನ್ನು ತಡೆದು, ಮಾಲಿನ ಒಡೆಯ ಯಾರೆಂದು ಹುಡುಕಿ, ಹೆಸರನ್ನು ಮುಂದಿನ ಪುಟಕ್ಕೆ ದಾಟಿಸುತ್ತಿತ್ತು. ಪುಟ ಅದನ್ನು ಗೋಡೆಯ ದೊಡ್ಡ ಪರದೆಯ ಮೇಲೆ ತೋರಿಸುತ್ತಿತ್ತು. ಹೆಸರನ್ನು ಆಯಾ ಕೋರಿಕೆಗೇ ಕಟ್ಟಿ ಕಳಿಸಬೇಕಿತ್ತು. ಪುಂಡಲೀಕನೋ ಈ ಕಾವಲುಗಾರನ ಕೊರಳಿಗೆ ಬರೆದು ಒರೆಸುವ ಸ್ಲೇಟಿನಂಥ ಒಂದೇ ಪಾಟಿ ನೇತುಹಾಕಿದ್ದ: ಯಾರು ಬಂದರೂ ಅದರ ಮೇಲೇ ಬರೆಯುವುದು, ಪುಟ ಅದನ್ನೇ ನೋಡಿ ಓದುವುದು. ತಾನೊಬ್ಬನೇ ಕೂತು ನೂರು ಸಲ ಪರೀಕ್ಷಿಸಿದ. ನೂರು ಸಲವೂ ಸರಿ. ಒಬ್ಬನೇ ಓಡಿದರೆ ಯಾವಾಗಲೂ ಮೊದಲ ಬಹುಮಾನವೇ.

ಚೀಲ ಹೊಲಿಯುವ ಸೈದಾಬಿ ಮಾತ್ರ ಬಾಯಿ ಹೊಲಿಯುವ ಮೊದಲು ಒಡೆಯನ ಹೆಸರಿನ ಚೀಟಿಯನ್ನು ಒಳಗೆ ತುರುಕುತ್ತಿದ್ದಳು.

“ಕಂಪ್ಯೂಟರ್ ಬಂದ ಮ್ಯಾಲೂ ಚೀಟಿ ಯಾಕ ಸೈದಾಬಿ?” ಪುಂಡಲೀಕ ಕೇಳಿದ.

“ಇರಲಿ ಬಿಡ್ರಿ ಸಾಹೇಬ್ರ. ಚೀಲದ ಹೆಸರು ಚೀಲದಾಗ ಇದ್ರ ಚೊಲೊ.”

ಸಾಹೇಬರು ನಕ್ಕರು.

ಮಾರ್ಚಿನ ಒಂದು ಸೋಮವಾರ ಜನವೋ ಜನ. ಒಂದನೇ ಕಿಟಕಿಯಲ್ಲಿ ಗುತ್ತಲ ಕಡೆಯ ಬೀರಲಿಂಗಪ್ಪ, ಎರಡನೆಯದರಲ್ಲಿ ಅವನ ಪಕ್ಕದ ಹೊಲದ ಗೋಣೆಪ್ಪ. ಬದುವಿನ ಜಗಳದಿಂದ ಇಬ್ಬರಿಗೂ ಏಳು ವರ್ಷ ಮಾತಿಲ್ಲ. ಎರಡು ಟೋಕನ್ನೂ ಒಂದೇ ಕ್ಷಣಕ್ಕೆ ಒಳಗೆ ಹೋದವು. ಕಾವಲುಗಾರ ಪಾಟಿಯ ಮೇಲೆ ಬೀರಲಿಂಗಪ್ಪ ಎಂದು ಬರೆದ. ಪುಟ ಓದುವಷ್ಟರಲ್ಲಿ ಒರೆಸಿ ಗೋಣೆಪ್ಪ ಎಂದು ಬರೆದ. ಬೀರಲಿಂಗಪ್ಪನ ಅರವತ್ತು ಚೀಲಗಳಿಗೆ ಪರದೆಯ ಮೇಲೆ ಗೋಣೆಪ್ಪ ಒಡೆಯನಾದ.

“ನನ್ನ ಬದು ನುಂಗಿದಿ, ಈಗ ಚೀಲಕ್ಕೂ ಬಾಯಿ ಹಾಕಿದ್ಯಾ ಕಳ್ಳ?”

“ಯಾರಿಗಲೇ ಕಳ್ಳ ಅಂ...”

ಮಾತು ಮುಗಿಯಲಿಲ್ಲ, ಗೋಣೆಪ್ಪನ ಮುಂದಿನ ಎರಡು ಹಲ್ಲು ಮುಗಿದವು. ಅವನು ತೂಕದ ಕಲ್ಲು ಬೀಸಿದ. ಬೀರಲಿಂಗಪ್ಪನ ಹುಬ್ಬು ಸೀಳಿತು. ಚೀಲಗಳು ಒಡೆದು ಕೆಂಪು ಘಾಟು ಎದ್ದಿತು. ಹೊಡೆಯುವವರು, ಬಿಡಿಸುವವರು, ನೋಡುವವರು ಎಲ್ಲರ ಕಣ್ಣಲ್ಲೂ ನೀರು. ಕಣ್ಣು ಕಾಣದೆ ಬಿಡಿಸುವವರೂ ನಾಲ್ಕು ಬಾರಿಸಿದರು.

ಪುಂಡಲೀಕ ಇದೇ ಸಮಯವೆಂದು ಮೈಕು ಹಿಡಿದ. “ಸಿಸ್ಟಂ ಎಂದೂ ತಪ್ಪು ಮಾಡೂದಿಲ್ಲ. ಪರದೆ ಮ್ಯಾಲ ಇದ್ದದ್ದೇ ಖರೇ!”

ಬೀರಲಿಂಗಪ್ಪ ಹಮಾಲನೊಬ್ಬನ ಕೈಯಿಂದ ಕಬ್ಬಿಣದ ಕೊಕ್ಕೆ ಕಿತ್ತುಕೊಂಡ. ಗೋಣೆಪ್ಪನನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಕೊಕ್ಕೆಯ ಮೊನೆಯನ್ನು ಗಂಟಲಿಗೆ ಇಟ್ಟು ಎಳೆದ. ರಕ್ತ ಕೊರಳಪಟ್ಟಿಗೆ ಇಳಿಯಿತು.

ಸೈದಾಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದಳು. ಆ ಅರವತ್ತರಲ್ಲಿ ಒಂದು ಚೀಲದ ಹೊಲಿಗೆಯನ್ನು ಪರ್ರನೆ ಹರಿದು ಚೀಟಿ ಎಳೆದಳು.

“ಬೀರಲಿಂಗಪ್ಪಣ್ಣ, ನಿಂದ ಹೆಸರ ಐತಿ, ನೋಡು! ಅವಂದು ಅವನ ಚೀಲದಾಗ ಐತಿ. ಅಂವ ಕದ್ದಿಲ್ಲ, ಪರದೆ ಸುಳ್ಳು ಹೇಳೇತಿ!”

ಕೊಕ್ಕೆ ಗಂಟಲು ಬಿಟ್ಟಿತು. ಕ್ಯಾಬಿನ್ ಕಡೆ ತಿರುಗಿತು. ಗಾಜು ಪುಡಿಯಾಯಿತು, ಜನ ಮುಖ್ಯ ಶಿಲ್ಪಿಯನ್ನು ಕೊರಳಪಟ್ಟಿ ಹಿಡಿದು ಎಳೆದು ಮೆಣಸಿನಕಾಯಿಯಲ್ಲಿ ಹೊರಳಾಡಿಸಿದರು. ಯಾರದೋ ಕಾಲಡಿ ಸಿಕ್ಕು ಬಲಗೈಯ ಎರಡು ಬೆರಳು ಲಟಕ್ ಎಂದವು.

ಹಾವೇರಿಯ ಆಸ್ಪತ್ರೆಯಲ್ಲಿ ಪುಂಡಲೀಕ ಮತ್ತು ಗೋಣೆಪ್ಪನಿಗೆ ಅಕ್ಕಪಕ್ಕದ ಮಂಚ. ಗೋಣೆಪ್ಪನ ಕೊರಳಿಗೆ ಹನ್ನೊಂದು ಹೊಲಿಗೆ. ಪುಂಡಲೀಕ ಎಡಗೈಯ ಒಂದೇ ಬೆರಳಿನಲ್ಲಿ ಲ್ಯಾಪ್‌ಟಾಪ್ ಕುಟ್ಟಿ, ಪಾಟಿ ಕಿತ್ತೊಗೆದು, ಹೆಸರನ್ನು ಆಯಾ ಕೋರಿಕೆಗೇ ಕಟ್ಟಿದ. ಒಂದೆರಡು ಸಾಲಿನ ಕೆಲಸ.

“ಸರಿ ಮಾಡಿದೆ ನೋಡ್ರಿ ಗೋಣೆಪ್ಪ.”

“ಅದು ನಿನ್ನ ಮಷಿನ್ನಿಗೆ ಆತು. ಮೈಕಿನ್ಯಾಗ ನನ್ನ ಕಳ್ಳನ್ನ ಮಾಡಿದ್ಯಲ್ಲ, ಅದಕ್ಕ?”

ಮುಂದಿನ ಸೋಮವಾರ ಪುಂಡಲೀಕ ಏಟು ತಿಂದು ಬಾತ ದವಡೆಯಲ್ಲೇ ಮೈಕು ಹಿಡಿದ.

“ಗೋಣೆಪ್ಪ ಕಳ್ಳ ಅಲ್ಲ. ತಪ್ಪು ಸಿಸ್ಟಮಿನ...”

ಕೆಳಗೆ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಬೀರಲಿಂಗಪ್ಪ ತಲೆಯೆತ್ತಿ ನೋಡಿದ.

“ತಪ್ಪು ನಂದು,” ಪುಂಡಲೀಕ ಮೈಕಿನಲ್ಲೇ ತಿದ್ದಿಕೊಂಡ.

ಹಲ್ಲಿಲ್ಲದ ಸಂದಿಯಿಂದ ಗೋಣೆಪ್ಪ ಕೂಗಿದ: “ಇನ್ನೊಮ್ಮೆ ಹೇಳು. ಎರಡನೇ ಕಿಟಕಿ ಮಂದಿಗೆ ಕೇಳಲಿಲ್ಲ!”