ನೂಲು ಮಾಸ್ತರು ನೇಯ್ದ ಊರು

ಅವರ ಬಲಗಾಲಿನ ಹೆಬ್ಬೆರಳಿನ ಸುತ್ತ ಉಂಗುರ ತೊಡಿಸಿದಂಥ ಆಳವಾದ ಗೀರು ಇತ್ತು. ನೂಲಿನ ಒಂದು ತುದಿಯನ್ನು ಆ ಬೆರಳಿಗೆ ಬಿಗಿದು, ಇನ್ನೊಂದನ್ನು ಕೈಯಲ್ಲಿ ಹೊಸೆಯುತ್ತ ವರ್ಷಗಟ್ಟಲೆ ಕೂತವರ ಕಾಲು ಅದು. ನಮ್ಮೂರ ಶಾಲೆಗೆ ನೂಲುವುದು, ನೇಯುವುದು ಕಲಿಸಲು ಬಂದವರು. ಎಲ್ಲರ ಬಾಯಲ್ಲೂ ನೂಲು ಮಾಸ್ತರು. ನಾನು ಹೈಸ್ಕೂಲು ಮುಗಿಸಿ ಅಲ್ಲೇ ಹಂಗಾಮಿಯಾಗಿ ಪಾಠ ಮಾಡುತ್ತಿದ್ದೆ. ಒಂಟಿ ಮನುಷ್ಯ ಎಂದು ಅವ್ವ ಅವರಿಗೆ ಮೂರು ವರ್ಷ ನಮ್ಮ ಮನೆಯಲ್ಲೇ ಊಟ ಹಾಕಿದಳು.

ಎರಡನೇ ಮಹಾಯುದ್ಧದಲ್ಲಿ ಅವರು ಸಿಪಾಯಿಯಾಗಿ ಮಲಯಾಕ್ಕೆ ಹೋಗಿದ್ದರು. ಸೈನ್ಯ ಸೋತು ಚದುರಿದಾಗ ರಬ್ಬರ್ ತೋಟದ ಚೀನೀ ಮುದುಕಿಯೊಬ್ಬಳು ಎಂಟು ತಿಂಗಳು ಅವರನ್ನು ಅಡಗಿಸಿಟ್ಟು, ನೂಲಿನಲ್ಲಿ ಬಗೆಬಗೆಯ ಗಂಟು ಹಾಕಲು ಕಲಿಸಿದ್ದಳು. ಅವಳು ಹೇಳಿದ ಕತೆಯನ್ನು ಅವರು ಊಟಕ್ಕೆ ಕೂತಾಗ ಹೇಳುತ್ತಿದ್ದರು.

“ಬೆಳದಿಂಗಳಲ್ಲಿ ಒಬ್ಬ ಮುದುಕ ಕೂತಿರ್ತಾನಂತೆ. ಚೀಲದ ತುಂಬ ಕೆಂಪು ನೂಲು. ಯಾರು ಯಾರಿಗೆ ಸೇರ್ಬೇಕೋ, ಹುಟ್ಟಿದಾಗ್ಲೇ ಅವ್ರ ಕಾಲಿಗೆ ಕಟ್ಬಿಡ್ತಾನೆ. ಆ ನೂಲು ಜಗ್ಗತ್ತೆ, ಸಿಕ್ಕಾಗತ್ತೆ, ಹರಿಯಲ್ಲ.”

“ನಿಮ್ಮ ಕಾಲಿಗೆ ಕಟ್ಟದು ಮರ್ತೇಬಿಟ್ನಾ ಆ ಅಜ್ಜ?” ಎಂದು ಅವ್ವ ಸಾರು ಬಡಿಸುತ್ತ ನಗುತ್ತಿದ್ದಳು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿತ್ತು. ನಮ್ಮೂರು ಮುಳುಗುವುದು ಖಚಿತ, ಯಾರಿಗೆ ಎಲ್ಲಿ ಜಾಗವೆಂಬುದು ಮಾತ್ರ ತಿಳಿದಿರಲಿಲ್ಲ. ಆಗ ಮಾಸ್ತರು ಮನೆಮನೆಗೆ ಹೋಗಿ ಹಳೆಯ ಸೀರೆ, ಪಂಚೆಗಳಿಂದ ಒಂದೊಂದು ಎಳೆ ಕೇಳಿ ತಂದರು. ಗೋಣಿಯಂಥ ಪುಂಡಿನಾರಿನ ಬಟ್ಟೆಯ ಮೇಲೆ ಸೂಜಿಯಿಂದ ಊರನ್ನೇ ನೇಯತೊಡಗಿದರು. ಹೊಳೆ, ದಾರಿ, ಪ್ರತಿ ಮನೆಯ ಜಾಗದಲ್ಲಿ ಆ ಮನೆಯದೇ ನೂಲಿನ ಗಂಟು. ಒಬ್ಬರ ಗದ್ದೆಯ ಕೆಲಸಕ್ಕೆ ಕೂಲಿಯಿಲ್ಲದೆ ಹೋಗುವುದು, ಅವರು ತಿರುಗಿ ನಮ್ಮ ಗದ್ದೆಗೆ ಬರುವುದು, ಇದು ನಮ್ಮಲ್ಲಿ ಮುಯ್ಯಾಳು. ಹಾಗೆ ಹೋಗಿ ಬಂದ ಮನೆಗಳ ನಡುವೆ ಮಾತ್ರ ಮಾಸ್ತರು ಕೆಂಪು ನೂಲು ಎಳೆದರು. ಮೂಲೆಯಲ್ಲಿ ಎರಡು ಚೀನೀ ಅಕ್ಷರ. ಆ ಮುದುಕಿಯ ಹೆಸರಂತೆ.

“ಎಲ್ಲಿಗೆ ಚೆದುರಿದ್ರೂ ಯಾರಿಗೆ ಯಾರಾಗಿದ್ರು ಅಂತ ನಿಮ್ಮ ಮೊಮ್ಮಕ್ಕಳಿಗೆ ಗೊತ್ತಾಗ್ಬೇಕು” ಎನ್ನುತ್ತಿದ್ದರು.

ಒಂದು ಭಾನುವಾರ ಶಾಲೆಯ ಜಗಲಿಯಲ್ಲಿ ಬಟ್ಟೆ ಹಾಸಿದರು. ಊರವರೆಲ್ಲ ಬಗ್ಗಿ ತಮ್ಮ ತಮ್ಮ ಮನೆ ಹುಡುಕಿದರು. ಆಚೆಮನೆ ಅಕ್ಕ ನಮ್ಮದರ ಮೇಲೆ ಬೆರಳಿಟ್ಟಳು.

“ಇವ್ರ ಮನೆಗೆ ಕೆಂಪೇ ಇಲ್ಲಲ್ರೋ! ನಿಮ್ಮಪ್ಪ ಯಾರ ಗದ್ದೇಲಿ ಬೆನ್ನು ಬಗ್ಸಿದ್ದ ಅಂತ ಕಟ್ಟದು ತಮಾ?”

ಊರೇ ನಕ್ಕಿತು. ಅಪ್ಪ ಎಲ್ಲರೊಡನೆ ಜಗಳವಾಡಿ ಮುಯ್ಯಾಳು ನಿಲ್ಲಿಸಿದ್ದು ನಿಜವೇ. ಜನ ಹೋದ ಮೇಲೆ ಮಾಸ್ತರನ್ನು ಕೇಳಿದೆ: “ಒಂದಾದ್ರೂ ಕಟ್ಟಿ.”

“ಇಲ್ಲದ್ದನ್ನ ಕಟ್ಟಿದ್ರೆ ಇರೋದೂ ಸುಳ್ಳಾಗತ್ತೆ ಮಾರಾಯ. ಇನ್ನೂ ಮುಗಿದಿಲ್ಲ, ತಡಿ.”

ನಾನು ತಡೆಯಲಿಲ್ಲ. ನಮ್ಮ ಅನ್ನ ಉಂಡವರು ಊರೆದುರು ನಮ್ಮ ಮಾನ ಕಳೆದರು, ಇದು ದ್ರೋಹ ಅನ್ನಿಸಿತು. ಅದೇ ಹೊತ್ತಿಗೆ ಚೀನಾ ಯುದ್ಧ ನಡೆದಿತ್ತು. ಪೊಲೀಸರಿಗೆ ಹೆಸರಿಲ್ಲದ ಅರ್ಜಿ ಬರೆದೆ. ಕಟ್ಟೆ ಕೆಲಸದ ಸಮೀಪ ಒಬ್ಬ ಮಾಸ್ತರು ನೂಲಿನಲ್ಲಿ ನಕ್ಷೆ ತಯಾರಿಸುತ್ತಿದ್ದಾರೆ, ಅದರಲ್ಲಿ ಚೀನೀ ಅಕ್ಷರಗಳಿವೆ ಎಂದು. ಒಂದು ಶಬ್ದವೂ ಸುಳ್ಳಲ್ಲ. ಅಷ್ಟು ಜಾಣನಾಗಿದ್ದೆ.

ಪೊಲೀಸರು ಬಂದರು. ಅರ್ಜಿಯನ್ನು ಮಾಸ್ತರ ಮುಖಕ್ಕೆ ಹಿಡಿದು ಓದಿಸಿದರು. ಪಂಚನಾಮೆ ಬರೆಯಲು ಕೈಬರಹ ಚೆನ್ನಾಗಿದ್ದವರು ಬೇಕೆಂದಾಗ ಊರವರು ನನ್ನನ್ನೇ ಮುಂದೆ ತಳ್ಳಿದರು. ದಫೇದಾರ ಬಟ್ಟೆ ಎತ್ತಿ ಹಿಡಿದ. ಶಾಲೆಯ ಜಾಗದಲ್ಲಿ ಹೊಸದಾಗಿ ಒಂದು ಖಾಕಿ ಗಂಟು. ಅಲ್ಲಿಂದ ಹೊರಟ ಕೆಂಪು ನೂಲು ನಮ್ಮ ಮನೆಯ ಪಕ್ಕದಲ್ಲಿ ಸೂಜಿಯೊಂದಿಗೆ ನೇತಾಡುತ್ತಿತ್ತು.

“ಇದೆಂತದು ಖಾಕಿ?”

“ಅದು ನಾನು ಸಾಯ್ಬ್ರೆ, ನನ್ನ ಹಳೇ ಅಂಗಿ ನೂಲು. ಇವ್ರ ಮನೆ ಅನ್ನ ಉಂಡಿದೀನಿ. ಹೋದ ಗುರುವಾರ ಇವ್ರಪ್ಪನ ಗದ್ದೆ ಕೊಯ್ಲಿಗೆ ಮುಯ್ಯಾಳಾಗಿ ಹೋಗಿದ್ದೆ. ಒಂದು ಗಂಟು ಬಾಕಿ ಇದೆ, ಹಾಕ್ಲಾ?”

“ಸ್ಟೇಶನ್ನಲ್ಲಿ ಹಾಕುವಿಯಂತೆ, ನಡಿ.”

ಗುರುವಾರ ನಾನು ಅರ್ಜಿ ಹಾಕಲು ಪೇಟೆಗೆ ಹೋಗಿದ್ದೆ.

ಮಾಸ್ತರು ಪಂಚನಾಮೆಯನ್ನು ನಿಧಾನವಾಗಿ ಕೊನೆಯ ಸಾಲಿನವರೆಗೆ ಓದಿದರು. ಒಮ್ಮೆ ನನ್ನತ್ತ ನೋಡಿ, ರುಜು ಹಾಕಿದರು.

ಅವರ ಮೇಲೆ ಯಾವ ತಪ್ಪೂ ಸಿಗಲಿಲ್ಲ. ಆದರೆ ಕೆಲಸ ಮರಳಲಿಲ್ಲ, ಬಟ್ಟೆಯೂ ಮರಳಲಿಲ್ಲ, ಸ್ಟೇಶನ್ನಲ್ಲಿ ಗೆದ್ದಲು ಹಿಡಿಯಿತೆಂದರು. ನೀರು ಏರಿತು. ನಾವು ಹೊಸನಗರದ ಕಡೆಗೆ ಕೆಲವರು, ತೀರ್ಥಹಳ್ಳಿಯ ಕಡೆಗೆ ಕೆಲವರು ಚದುರಿದೆವು.

ಏಳು ವರ್ಷದ ಮೇಲೆ ಮಾಸ್ತರು ಸಿಕ್ಕರು, ತೀರ್ಥಹಳ್ಳಿಯ ಒಂದು ಅಂಗಡಿಯ ಜಗಲಿಯಲ್ಲಿ ದನದ ಹಗ್ಗ ಹೊಸೆಯುತ್ತ ಕೂತಿದ್ದರು. ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆಳೆದುಕೊಂಡರು.

“ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ?”

“ಆವತ್ತೇ ಯಾಕೆ ಹೇಳ್ಲಿಲ್ಲ ಮಾಸ್ತ್ರೇ?”

“ನಿಮ್ಮವ್ವ ಅಲ್ಲೇ ನಿಂತಿದ್ಲಲ್ಲ.”

ಕ್ಷಮಿಸಿ ಎಂದೆ. ಅವರು ಹಗ್ಗದಿಂದ ಕಣ್ಣೆತ್ತಲಿಲ್ಲ. “ನನ್ನ ಹತ್ರ ಎಂತಕ್ಕೆ? ನೂಲು ಕೊಟ್ಟೋರು ಊರೋರು. ಅವ್ರ ಹತ್ರ ಹೇಳು.”

ಮರುವರ್ಷ ತೀರಿಕೊಂಡರೆಂದು ಯಾರಿಂದಲೋ ಕೇಳಿದೆ. ಹೊಸನಗರದ ಬಸ್ಸಿನಲ್ಲಿ, ಸಾಗರದ ಸಂತೆಯಲ್ಲಿ ಊರವರು ಸಿಕ್ಕಾಗಲೆಲ್ಲ ಹೇಳಬೇಕೆಂದು ಹೋಗಿ, ಮಳೆ ಬೆಳೆ ವಿಚಾರಿಸಿ ಬಂದೆ. ಆಚೆಮನೆ ಅಕ್ಕ ಹಾಸಿಗೆ ಹಿಡಿದಾಗ ನೋಡಲು ಹೋದರೆ, “ಆ ಬಟ್ಟೆ ಇದ್ದಿದ್ರೆ ಹುಡುಗ್ರಿಗೆ ತೋರ್ಸ್ಬಹುದಿತ್ತು ತಮಾ. ಈಗ ನಾವು ಯಾರು ಅಂತ್ಲೇ ಇವಕ್ಕೆ ಗೊತ್ತಿಲ್ಲೆ” ಎಂದಳು. ಗೆದ್ದಲು ತಿಂತಲ್ಲಕ್ಕಾ ಎಂದು ಎದ್ದು ಬಂದೆ.

ನೂಲು ಕೊಟ್ಟವರಲ್ಲಿ ಈಗ ಯಾರೂ ಉಳಿದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿದ್ದೀರೋ ನನಗೆ ತಿಳಿಯದು. ಓದುತ್ತಿದ್ದರೆ ಕೇಳಿ: ನಿಮ್ಮ ಹಿರಿಯರ ಊರನ್ನು ಮುಳುಗುವ ಮೊದಲೇ ಹಿಡಿದುಕೊಟ್ಟವನು ನಾನು.